ದುಃಖದ ದಿನಗಳಲ್ಲಿ ಪುಸ್ತಕದ ಜೊತೆ



ಮನೆಯವರೊಬ್ಬರು ತೀರಿಕೊಂಡಾಗ ಮೊದಲ ಕೆಲವು ದಿನ ಮನೆ ತುಂಬ ಜನರಿರುತ್ತಾರೆ. ನೆರೆಹೊರೆಯವರು ಅಡುಗೆ ಮಾಡಿ ತರುತ್ತಾರೆ, ನೆಂಟರು ಉಳಿದುಕೊಳ್ಳುತ್ತಾರೆ. ಉತ್ತರಕ್ರಿಯೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಹೊರಡುತ್ತಾರೆ. ಅರಂತೋಡು, ತೊಡಿಕಾನ, ಸಂಪಾಜೆ ಕಡೆ ಮನೆಗಳು ತೋಟದ ನಡುವೆ ದೂರ ದೂರ ಇರುತ್ತವೆ. ಮಳೆಗಾಲದ ಸಂಜೆ ಅಂಥ ಮನೆಯಲ್ಲಿ ಒಬ್ಬರೇ ಕುಳಿತವರಿಗೆ ದುಃಖದ ಭಾರ ಆಗಲೇ ಪೂರ್ತಿ ತಿಳಿಯುವುದು. ಆ ಹೊತ್ತಿನಲ್ಲಿ ಒಂದು ಪುಸ್ತಕ ಹೇಗೆ ಜೊತೆಯಾಗಬಹುದು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮೊದಲು ದುಃಖವನ್ನು ತಿಳಿಯೋಣ

ಅಗಲಿಕೆಯ ದುಃಖ ಕಾಯಿಲೆಯಲ್ಲ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಎದೆ ಭಾರವಾಗುವುದು, ಸುಮ್ಮಸುಮ್ಮನೆ ಸಿಟ್ಟು ಬರುವುದು, ಮರೆವು, ಇವೆಲ್ಲ ಸಹಜ. ಹೋದವರ ಧ್ವನಿ ಕೇಳಿದಂತೆ, ಅವರು ಅಂಗಳಕ್ಕೆ ಬಂದಂತೆ ಅನ್ನಿಸುವುದೂ ಬಹಳ ಜನರಿಗೆ ಆಗುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ. "ಇನ್ನೂ ಸ್ವಲ್ಪ ಬೇಗ ಆಸ್ಪತ್ರೆಗೆ ಕರೆತರಬೇಕಿತ್ತು" ಎಂಬ ಕೊರಗು ರೋಗಿಯ ಆರೈಕೆ ಮಾಡಿದವರನ್ನೇ ಹೆಚ್ಚು ಕಾಡುತ್ತದೆ. ಎಷ್ಟು ಚೆನ್ನಾಗಿ ನೋಡಿಕೊಂಡವರನ್ನೂ ಅದು ಬಿಡುವುದಿಲ್ಲ.

ಓದು ನಮಗೆ ಹೊಸತಲ್ಲ

"ಸಾವಿನ ಮನೆಯಲ್ಲಿ ಕಥೆ ಪುಸ್ತಕ ಓದುವುದೇ?" ಎಂದು ಕೆಲವರು ಸಂಕೋಚ ಪಡುತ್ತಾರೆ. ಯೋಚಿಸಿ ನೋಡಿ. ಸೂತಕದ ದಿನಗಳಲ್ಲಿ ಗರುಡಪುರಾಣ ಓದಿಸುವ ಮನೆಗಳಿವೆ. ವಚನಗಳನ್ನು ಹೇಳಿಕೊಳ್ಳುವ ಮನೆಗಳಿವೆ. ಮುಸ್ಲಿಮರ ಮನೆಗಳಲ್ಲಿ ಕುರ್‌ಆನ್, ಕ್ರೈಸ್ತರ ಮನೆಗಳಲ್ಲಿ ಬೈಬಲ್ ಓದುತ್ತಾರೆ. ನಾಲ್ಕು ಜನ ಕುಳಿತು ಒಬ್ಬರು ಓದುವುದನ್ನು ಕೇಳುವಾಗ ದುಃಖ ಹಂಚಿಹೋಗುತ್ತದೆ ಎಂದು ಹಿರಿಯರು ಅರಿತಿದ್ದರು. ನೆಂಟರು ಹೋದ ಮೇಲೂ ಆ ಅಭ್ಯಾಸವನ್ನು ಮುಂದುವರಿಸಿ ಎಂದಷ್ಟೇ ನಾವು ಹೇಳುವುದು.

ನಮ್ಮ ಸೀಮೆಯದೇ ಒಂದು ಕಥೆ

ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಡಾ. ಶಿವರಾಮ ಕಾರಂತರ 'ಬೆಟ್ಟದ ಜೀವ' ಕಾದಂಬರಿ 1943ರದು. ಕಥೆ ನಡೆಯುವುದು ಸುಬ್ರಹ್ಮಣ್ಯದ ಸುತ್ತಲಿನ ಕಾಡಿನಲ್ಲಿ. ದಾರಿ ತಪ್ಪಿದ ಪ್ರಯಾಣಿಕನೊಬ್ಬ ಗೋಪಾಲಯ್ಯ ಎಂಬ ಹಿರಿಯರ ಮನೆ ಸೇರುತ್ತಾನೆ. ಕಾಡು ಕಡಿದು ಅಡಿಕೆ ತೋಟ ಮಾಡಿದ ಗಟ್ಟಿಗರು ಅವರು. ಬಂದವರನ್ನು ನಗುನಗುತ್ತ ಉಪಚರಿಸುತ್ತಾರೆ. ಆದರೆ ಮನೆ ಬಿಟ್ಟು ಹೋದ ಮಗ ಹಿಂದಿರುಗಿಲ್ಲ. ಆ ನೋವು ಗೋಪಾಲಯ್ಯ, ಶಂಕರಿ ದಂಪತಿಯ ಒಳಗೆ ಆರದೆ ಉಳಿದಿದೆ.

ಇಲ್ಲಿ ಯಾರೂ ಉಪದೇಶ ಮಾಡುವುದಿಲ್ಲ. ನೋವು ಹೋಯಿತು ಎಂದೂ ಕಾರಂತರು ಬರೆಯುವುದಿಲ್ಲ. ನೋವಿನ ಜೊತೆಗೇ ತೋಟದ ಕೆಲಸ ನಡೆಯುತ್ತದೆ, ಅತಿಥಿಗೆ ಎಲೆ ಹಾಕುವುದೂ ನಡೆಯುತ್ತದೆ. ಮಗನನ್ನೋ ಮಗಳನ್ನೋ ಕಳೆದುಕೊಂಡ ತಂದೆತಾಯಿಗೆ "ಇದು ನಮ್ಮ ಮನೆಯ ಮಾತೇ" ಅನ್ನಿಸಬಹುದು. ಬಾಯಿಗೆ ಬಾರದ ನಮ್ಮ ಸಂಕಟವನ್ನು ಇನ್ನೊಬ್ಬರು ಹೇಳಿಟ್ಟಿದ್ದಾರೆ ಎಂದು ತಿಳಿದಾಗ ಒಂಟಿತನ ಸ್ವಲ್ಪ ಕಡಿಮೆಯಾಗುತ್ತದೆ. ಪುಸ್ತಕ ಕೊಡುವ ಸಮಾಧಾನ ಇದೇ.

ಬರೆದವರಿಗೂ ದುಃಖ ಹೊರತಲ್ಲ. ವರಕವಿ ಬೇಂದ್ರೆಯವರು ಹಲವು ಮಕ್ಕಳನ್ನು ಕಳೆದುಕೊಂಡವರು. ಮಗುವಿನ ಸಾವಿನೆದುರು ಗಂಡ ಹೆಂಡತಿಗೆ ಆಡುವ ಮಾತನ್ನೇ ಅವರು ಕವಿತೆ ಮಾಡಿದರು. ಡಿ.ವಿ.ಜಿ.ಯವರು ಚಿಕ್ಕ ವಯಸ್ಸಿನಲ್ಲೇ ಪತ್ನಿಯನ್ನು ಕಳೆದುಕೊಂಡು ಮತ್ತೆ ಮದುವೆಯಾಗಲಿಲ್ಲ. ಅವರ 'ಮಂಕುತಿಮ್ಮನ ಕಗ್ಗ'ವೂ ಬೆಳಕು ಕಂಡದ್ದು 1943ರಲ್ಲೇ.

ಹೇಗೆ ಓದಬೇಕು?

1. ಅವಸರ ಬೇಡ. ಮೊದಲ ವಾರಗಳಲ್ಲಿ ಒಂದೇ ಸಾಲನ್ನು ಮೂರು ಸಲ ಓದಿದರೂ ತಲೆಗೆ ಹತ್ತದಿರಬಹುದು. ದುಃಖದಲ್ಲಿ ಮನಸ್ಸು ಒಂದೆಡೆ ನಿಲ್ಲುವುದಿಲ್ಲ. ಪುಸ್ತಕ ಮುಚ್ಚಿಡಿ, ನಾಳೆ ತೆರೆಯಿರಿ.

2. ಚಿಕ್ಕದನ್ನು ಆರಿಸಿ. ಕಗ್ಗದ ಪದ್ಯ ನಾಲ್ಕೇ ಸಾಲು, ದಿನಕ್ಕೊಂದು ಸಾಕು. ವಚನವೂ ಹಾಗೆಯೇ. ದೊಡ್ಡ ಕಾದಂಬರಿ ಆಮೇಲೆ.

3. ಗಟ್ಟಿಯಾಗಿ ಓದಿ. ಓದು ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳಲಿ. ಇಬ್ಬರಿಗೂ ಒಳ್ಳೆಯದು.

4. ಓದುವಾಗ ಅಳು ಬಂದರೆ ಬರಲಿ, ತಡೆಯಬೇಡಿ. ಆದರೆ ಯಾವುದೋ ಪುಸ್ತಕ ಎದೆಯನ್ನು ಮತ್ತಷ್ಟು ಹಿಂಡುತ್ತಿದ್ದರೆ ಅದನ್ನು ಬದಿಗಿಡಿ. ಪುಣ್ಯ ಪಾಪದ ಲೆಕ್ಕ ಹೇಳಿ ತಪ್ಪಿತಸ್ಥ ಭಾವನೆ ಹೆಚ್ಚಿಸುವ ಪುಸ್ತಕ ಈಗ ಬೇಡ.

5. ಹೋದವರು ಓದುತ್ತಿದ್ದ ಪುಸ್ತಕ ಮನೆಯಲ್ಲಿದ್ದರೆ ಎಸೆಯಬೇಡಿ. ತೆರೆಯಲು ಮನಸ್ಸು ಬರುವ ತನಕ ಜೋಪಾನವಾಗಿಡಿ.

6. ಕೊಳ್ಳಲೇಬೇಕೆಂದಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಶಾಲೆಯ ಮೇಷ್ಟ್ರ ಬಳಿ ಕೇಳಿ. ಪುಸ್ತಕ ತರಲು ಹೋದ ನೆಪದಲ್ಲಿ ಎರಡು ಮಾತನ್ನೂ ಆಡಿ ಬರಬಹುದು.

ಮನೆಯವರು ಗಮನಿಸಬೇಕಾದದ್ದು

ಪುಸ್ತಕ ಔಷಧಿಯ ಬದಲಿಗಲ್ಲ, ಮನುಷ್ಯರ ಬದಲಿಗೂ ಅಲ್ಲ. ಓದುತ್ತಾ ಕುಳಿತವರು ಯಾರೊಡನೆಯೂ ಮಾತನಾಡದೆ ಕೋಣೆ ಸೇರಿಬಿಟ್ಟರೆ ಗಮನಿಸಿ. ಆರು ತಿಂಗಳು ದಾಟಿದರೂ ದುಃಖದ ತೀವ್ರತೆ ತಗ್ಗದೆ ದಿನನಿತ್ಯದ ಕೆಲಸವೇ ಸಾಗದಿದ್ದರೆ ವೈದ್ಯರಿಗೆ ತೋರಿಸಿ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ಪಟ್ಟಿಯಲ್ಲಿ ಇಂಥ ದೀರ್ಘ ಶೋಕವನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸಲಾಗಿದೆ.

"ನನಗೂ ಬದುಕು ಬೇಡ", "ಅವರ ಹಿಂದೆಯೇ ಹೋಗುತ್ತೇನೆ" ಎಂಬ ಮಾತು ಕೇಳಿದರೆ ಆರು ತಿಂಗಳು ಕಾಯಬೇಡಿ. ಬರಿಯ ಮಾತೆಂದು ತಳ್ಳಿಹಾಕಲೂ ಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ತಂದ ಕೀಟನಾಶಕ, ರೋಗಿಗೆ ಕೊಟ್ಟು ಉಳಿದ ಮಾತ್ರೆಗಳನ್ನು ಬೀಗ ಹಾಕಿಡಿ. ಅಂದೇ ಆಸ್ಪತ್ರೆಗೆ ಕರೆತನ್ನಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಹೋದವರನ್ನು ಮರೆಯುವುದಕ್ಕಾಗಿ ಓದಬೇಕಿಲ್ಲ. ಅವರ ನೆನಪನ್ನು ಇಟ್ಟುಕೊಂಡೇ ನಾಳೆ ಬೆಳಿಗ್ಗೆ ಎದ್ದು ಒಲೆ ಹಚ್ಚಲು, ಹಟ್ಟಿಯ ದನಕ್ಕೆ ಹುಲ್ಲು ಹಾಕಲು ಬೇಕಾಗುವಷ್ಟು ಬಲ ಒಂದು ಪುಟದಿಂದ ಬಂದರೂ ಸಾಕು. ಇಂದು ರಾತ್ರಿ ಒಂದೇ ಪುಟ ಓದಿ. ಆಗದಿದ್ದರೆ ಮನೆಯವರೊಬ್ಬರಿಗೆ ಓದಲು ಹೇಳಿ, ಪಕ್ಕದಲ್ಲಿ ಕುಳಿತು ಕೇಳಿ.