ಕೌದಿಯಲ್ಲಿ ಮಿಕ್ಕ ಕಿರುಪಟ್ಟಿಗಳ ಸದುಪಯೋಗ



ಕೌದಿ ಹೊಲಿದು ಮುಗಿಸಿದ ಮನೆಯಲ್ಲಿ ಎರಡು ವಸ್ತುಗಳು ಉಳಿಯುವುವು. ಒಂದು ಕೌದಿ, ಮತ್ತೊಂದು ಚಿಂದಿಯ ಗಂಟು. ಕೌದಿಗೆ ಆದರವುಂಟು, ಅದು ಮಂಚವನ್ನೇರುವುದು, ತೊಟ್ಟಿಲಿಗೆ ಹಾಸಾಗುವುದು. ಗಂಟಾದರೋ ಅಟ್ಟದ ಮೂಲೆಯನ್ನು ಸೇರಿ, ಇಲಿ ಜಿರಲೆಗಳಿಗೆ ಬಿಡಾರವಾಗಿ, ಕಡೆಗೆ ಒಲೆಗೋ ಕಸದ ಗಾಡಿಗೋ ಹೋಗುವುದು. ಅದರಲ್ಲಿ ಬೆರಳಗಲದ ನೀಳವಾದ ಪಟ್ಟಿಗಳೇ ಹೆಚ್ಚು. ಚೌಕವಾಗಿ ಕತ್ತರಿಸಲು ಬಾರದ, ಎಸೆಯಲು ಮನಸ್ಸೂ ಬಾರದ ಈ ಪಟ್ಟಿಗಳನ್ನು ಏನು ಮಾಡತಕ್ಕದ್ದೆಂಬುದೇ ಈ ಪಾಠದ ವಿಷಯವು.

ಐದು ರೊಟ್ಟಿ ಎರಡು ಮೀನುಗಳಿಂದ ಐದು ಸಾವಿರ ಮಂದಿ ತೃಪ್ತರಾದ ವೃತ್ತಾಂತವು ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆ. ಎಲ್ಲರೂ ಉಂಡು ದಣಿದ ಮೇಲೆಯೇ ಸ್ವಾಮಿಯು ಮಿಕ್ಕ ತುಂಡುಗಳನ್ನು ಕೂಡಿಸಹೇಳಿದನೆಂಬುದನ್ನು ಗಮನಿಸಬೇಕು. ಆಗ ಹನ್ನೆರಡು ಪುಟ್ಟಿಗಳು ತುಂಬಿದುವು. ಕೊರತೆಯ ಕಾಲದಲ್ಲಿ ಚೂರುಗಳನ್ನು ಕೂಡಿಡುವುದು ನಿರ್ವಾಹಕ್ಕಾಗಿ; ಸಮೃದ್ಧಿಯ ಕಾಲದಲ್ಲಿ ಕೂಡಿಡುವುದು ವಿವೇಕ. ಇಂದು ನಮ್ಮ ಮನೆಗಳಲ್ಲಿ ಬಟ್ಟೆಗೆ ಬರವಿಲ್ಲ. ಆದುದರಿಂದ ಈ ಪಾಠವು ಹಿಂದಿಗಿಂತಲೂ ಈಗಲೇ ಹೆಚ್ಚು ಬೇಕಾದುದು.

ಕೌದಿಯ ಪರಿಚಯ

ಹಳೆಯ ಸೀರೆ ಪಂಚೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಸಣ್ಣ ನೇರ ಹೊಲಿಗೆಯ ಸಾಲುಗಳಿಂದ ಬಿಗಿದ ಹೊದಿಕೆಯೇ ಕೌದಿ. ಉತ್ತರ ಕರ್ನಾಟಕದಲ್ಲಿ ಇದು ಮನೆಮನೆಯ ವಸ್ತು. ಕರೆದವರ ಮನೆಗೆ ಬಂದು ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳೂ ಅಲ್ಲಿ ಉಂಟು. ಹೊಲಿಗೆಯನ್ನು ಕಾಯಕವೆಂದು ಹಿಡಿದವರಿಗೆ ನಮ್ಮ ನಾಡಿನಲ್ಲಿ ಹನ್ನೆರಡನೆಯ ಶತಮಾನದಿಂದಲೂ ಗೌರವವಿದೆ. ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆಯ ಹೆಸರೇ ಇದಕ್ಕೆ ಸಾಕ್ಷಿ.

ನಮ್ಮ ನೆರೆಯ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡು ಸೀಮೆಗಳಲ್ಲಿ ವಾಸಿಸುವ ಸಿದ್ದಿ ಜನರ ಹೆಂಗಸರು ಈ ಕಲೆಯಲ್ಲಿ ಹೆಸರಾದವರು. ಇವರ ಪೂರ್ವಿಕರು ಆಫ್ರಿಕಾ ಖಂಡದಿಂದ ಬಂದವರು. ಇವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಸಿದ್ದಿ ಹೆಂಗಸು ಕೌದಿಯ ಒಂದು ಮೂಲೆಯಿಂದ ಹೊಲಿಗೆಯನ್ನಾರಂಭಿಸಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾಳೆ. ನಾಲ್ಕು ಮೂಲೆಗಳಿಗೂ ಮಡಿಸಿದ ಸಣ್ಣ ಮುಕ್ಕೋನೆಗಳನ್ನು ಹೊಲಿಯುತ್ತಾಳೆ. ಅವುಗಳಿಗೆ ‘ಫೂಲ’ ಎಂದು ಹೆಸರು, ಎಂದರೆ ಹೂವು. ಹೂವಿಲ್ಲದ ಕೌದಿ ಬತ್ತಲೆಯೆಂದು ಅವರ ಭಾವನೆ. ಎಲ್ಲಕ್ಕಿಂತ ಸಣ್ಣ ಚೂರಿಗೆ ಹೀಗೆ ಎಲ್ಲಕ್ಕಿಂತ ಮಾನದ ಸ್ಥಾನವು ದೊರೆತಿದೆ.

ಅಮೆರಿಕದ ಅಲಬಾಮ ಪ್ರಾಂತದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿಯೂ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಆಫ್ರಿಕಾ ಮೂಲದವರ ಸಂತತಿಯ ಹೆಂಗಸರು ಹರಿದ ಕೆಲಸದ ಉಡುಪುಗಳಿಂದ ಇಂಥವೇ ಹೊದಿಕೆಗಳನ್ನು ಹೊಲಿದರು. ಅವರ ಒಂದು ಬಗೆಯಲ್ಲಿ ನಡುವೆ ಒಂದು ಚೂರನ್ನಿಟ್ಟು, ಸುತ್ತಲೂ ಪಟ್ಟಿಯ ಮೇಲೆ ಪಟ್ಟಿಯನ್ನು ಕೂಡಿಸುತ್ತ ಚೌಕವನ್ನು ಬೆಳೆಯಿಸುವರು. ಚಳಿಗೆ ಹೊದೆಯಲೆಂದು ಹೊಲಿದ ಆ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿ ಪ್ರದರ್ಶಿತವಾದುವು. ಕಿರುಪಟ್ಟಿಯೇ ಅವುಗಳ ಮುಖ್ಯ ಸಾಮಗ್ರಿಯು.

ಮೊದಲನೆಯ ಕೆಲಸ: ವಿಂಗಡಣೆ

ಹಲವರು ಚೂರುಗಳನ್ನು ಬಣ್ಣದ ಮೇರೆಗೆ ವಿಂಗಡಿಸುವರು. ಕಣ್ಣಿಗೆ ಇದು ಚೆನ್ನು. ಆದರೆ ಕೆಲಸಕ್ಕೆ ಮೊದಲು ಬೇಕಾದುದು ನೂಲಿನ ವಿಂಗಡಣೆ, ಅನಂತರ ಅಗಲದ ವಿಂಗಡಣೆ.

ಈಗ ದರ್ಜಿಯ ಅಂಗಡಿಯಿಂದ ಬರುವ ಚೂರುಗಳಲ್ಲಿ ಹತ್ತಿಯೂ ಪಾಲಿಯೆಸ್ಟರೂ ಕಲಸಿಕೊಂಡಿರುತ್ತವೆ. ಅನುಮಾನವಿದ್ದಲ್ಲಿ ಎರಡು ಎಳೆಗಳನ್ನು ಕಿತ್ತು, ಹಿರಿಯರ ಎದುರಿನಲ್ಲಿ, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಸೋಕಿಸಬೇಕು. ಹತ್ತಿಯು ಕಾಗದ ಸುಟ್ಟ ವಾಸನೆಯಿಂದ ಉರಿದು ಮೆತ್ತನೆಯ ಬೂದಿಯಾಗುವುದು. ಪಾಲಿಯೆಸ್ಟರು ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುವುದು. ಈ ಎರಡನ್ನೂ ಬೇರೆ ಬೇರೆ ಚೀಲಗಳಲ್ಲಿಡತಕ್ಕದ್ದು.

ಅನಂತರ ಹತ್ತಿಯ ಪಟ್ಟಿಗಳನ್ನು ಅಗಲದ ಮೇರೆಗೆ ನಾಲ್ಕು ಭಾಗ ಮಾಡಬೇಕು: ಎರಡು ಅಂಗುಲವೂ ಮೇಲ್ಪಟ್ಟವೂ, ಒಂದೂವರೆ ಅಂಗುಲದ ಆಸುಪಾಸಿನವು, ಒಂದು ಅಂಗುಲದಿಂದ ಅರ್ಧ ಅಂಗುಲದವರೆಗಿನವು, ಅದಕ್ಕೂ ಕಿರಿದಾದುವು. ಅಗಲಕ್ಕೆ ಏಕೆ ಇಷ್ಟು ಪ್ರಾಧಾನ್ಯವೆಂಬುದನ್ನು ಲೆಕ್ಕವು ತಿಳಿಸುತ್ತದೆ.

ಹೊಲಿಗೆಯೊಳಕ್ಕೆ ಹೋಗುವ ಬಟ್ಟೆಯ ಲೆಕ್ಕ

ಎರಡು ಪಟ್ಟಿಗಳನ್ನು ಕೂಡಿಸುವಾಗ ಪ್ರತಿಯೊಂದರ ಅಂಚಿನಲ್ಲಿಯೂ ಕಾಲು ಅಂಗುಲ ಬಟ್ಟೆಯು ಒಳಕ್ಕೆ ಹೋಗುವುದು. ಪಟ್ಟಿಗೆ ಎರಡು ಅಂಚುಗಳು. ಆದುದರಿಂದ ಎಷ್ಟೇ ಅಗಲದ ಪಟ್ಟಿಯಾದರೂ ಅರ್ಧ ಅಂಗುಲ ಕಾಣದೆ ಹೋಗುವುದು. ಮೂರು ಅಂಗುಲದ ಪಟ್ಟಿಗೆ ಈ ನಷ್ಟವು ಆರರಲ್ಲೊಂದು ಪಾಲು. ಒಂದೂವರೆ ಅಂಗುಲದ ಪಟ್ಟಿಗೆ ಮೂರರಲ್ಲೊಂದು. ಒಂದು ಅಂಗುಲದ್ದಕ್ಕೆ ಅರ್ಧ. ಅರ್ಧ ಅಂಗುಲದ್ದಕ್ಕೆ ಸರ್ವಸ್ವ.

ಹನ್ನೆರಡು ಅಂಗುಲದ ಒಂದು ಚೌಕವನ್ನು ಒಂದೂವರೆ ಅಂಗುಲದ ಪಟ್ಟಿಗಳಿಂದ ತುಂಬಲು ಹನ್ನೆರಡು ಪಟ್ಟಿಗಳು ಬೇಕು. ಅಂಚು ಸಮ ಮಾಡಲು ಸ್ವಲ್ಪ ಬಿಟ್ಟು ಪ್ರತಿ ಪಟ್ಟಿಯನ್ನು 13 ಅಂಗುಲ ಉದ್ದವೆಂದಿಟ್ಟುಕೊಂಡರೆ ಚೌಕಕ್ಕೆ 156 ಅಂಗುಲ ಪಟ್ಟಿ. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿಗೆ ಇಂಥ ಚೌಕಗಳು 24, ಪಟ್ಟಿಗಳು 288, ಒಟ್ಟು ಉದ್ದ 104 ಗಜ. ಒಂದು ಗಜ ಅಗಲದ ಬಟ್ಟೆಯಿಂದ ಇಷ್ಟನ್ನು ಕತ್ತರಿಸಬೇಕಾದರೆ ನಾಲ್ಕೂ ಮೂರನೆಯೊಂದು ಗಜ ಬೇಕಾಗುವುದು. ಕೌದಿಯ ಮುಖದಲ್ಲಿ ಕಾಣುವುದು ಎರಡೂ ಮೂರನೆಯೆರಡು ಚದರ ಗಜ ಮಾತ್ರ. ಎಂದರೆ ಐದರಲ್ಲಿ ಸುಮಾರು ಎರಡು ಪಾಲು ಒಳಗೇ ಅಡಗಿತು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುವುವು. ಮೊದಲನೆಯದು, ಕಿರುಪಟ್ಟಿಯ ಕೌದಿಗಾಗಿ ಹೊಸ ಬಟ್ಟೆಯನ್ನು ಕತ್ತರಿಸುವುದು ಮಿತವ್ಯಯವೆನಿಸದು. ಮಿಕ್ಕ ಪಟ್ಟಿಗಳನ್ನೇ ಬಳಸತಕ್ಕದ್ದು. ಎರಡನೆಯದು, ಒಂದು ಮಿತಿಗಿಂತ ಕಿರಿದಾದ ಪಟ್ಟಿಯನ್ನು ಕೌದಿಯ ಮುಖಕ್ಕೆ ಹೊಲಿಯಲು ಹಟಮಾಡಬಾರದು. ಅದಕ್ಕೆ ಬೇರೆ ಕೆಲಸವುಂಟು.

ಅಗಲಕ್ಕೆ ತಕ್ಕ ಕೆಲಸ

(1) ಎರಡು ಅಂಗುಲವೂ ಮೇಲ್ಪಟ್ಟವೂ: ಇವು ಅಂಚುಕಟ್ಟಲು ತಕ್ಕವು. ಕೌದಿಯು ಮೊದಲು ಸವೆಯುವುದು ಅಂಚಿನಲ್ಲಿಯೇ. ಪಟ್ಟಿಗಳನ್ನು ತುದಿಗೆ ತುದಿ ಕೂಡಿಸಿ, ಅಂಚನ್ನು ನಡುವಿಟ್ಟು ಮಡಿಸಿ ಹೊಲಿದರೆ ಕೌದಿಯ ಆಯುಸ್ಸು ಹೆಚ್ಚುವುದು. ಎಳೆಯ ಜಾಡಿನಲ್ಲಿ ಕತ್ತರಿಸಿದ ಪಟ್ಟಿಯು ನೇರ ಅಂಚಿಗೆ ಸರಿ. ದರ್ಜಿಗಳು ಕ್ರಾಸ್ ಪಟ್ಟಿಯೆನ್ನುವ ಓರೆಯಾಗಿ ಕತ್ತರಿಸಿದ್ದು ಹಿಗ್ಗುವುದರಿಂದ ಕುತ್ತಿಗೆ, ತೋಳುಗಳಂಥ ದುಂಡು ಅಂಚುಗಳಿಗೆ ಸರಿ. ಸಂಚಿಯ ಲಾಡಿ, ದಿಂಬಿನ ಚೀಲದ ಕಸೆ ಮುಂತಾದುವು ಇವುಗಳಿಂದಲೇ ಆಗುವುವು.

(2) ಒಂದೂವರೆ ಅಂಗುಲದವು: ಇವು ಕೌದಿಯ ಚೌಕಕ್ಕೆ ಸಲ್ಲುವುವು. ಒಗೆದು ಮೆತ್ತಗಾದ ಹಳೆಯ ಪಂಚೆಯಿಂದ ಹದಿಮೂರು ಅಂಗುಲದ ಚೌಕವನ್ನು ತಳಕ್ಕೆಂದು ಕತ್ತರಿಸಿರಿ. ಮೊದಲನೆಯ ಪಟ್ಟಿಯನ್ನು ಬಣ್ಣದ ಮುಖ ಮೇಲಾಗುವಂತೆ ಒಂದು ಮಗ್ಗುಲಲ್ಲಿಡಿರಿ. ಎರಡನೆಯದನ್ನು ಮುಖ ಕೆಳಗಾಗುವಂತೆ ಅದರ ಮೇಲಿಟ್ಟು, ಒಳಗಡೆಯ ಅಂಚುಗಳನ್ನು ಸಮಮಾಡಿ, ತಳದ ಬಟ್ಟೆಯೂ ಸೇರುವಂತೆ ಹೊಲಿಯಿರಿ. ಈಗ ಎರಡನೆಯದನ್ನು ಪಕ್ಕಕ್ಕೆ ಮಗುಚಿ ಉಗುರಿನಿಂದ ಗೀಚಿ ಕೂರಿಸಿರಿ. ಹೀಗೆಯೇ ಮುಂದುವರಿಸಿ, ಚೌಕ ತುಂಬಿದ ಮೇಲೆ ಹೊರಚಾಚಿದ ತುದಿಗಳನ್ನು ಹನ್ನೆರಡೂವರೆ ಅಂಗುಲಕ್ಕೆ ಸಮ ಮಾಡಿರಿ. ಪಟ್ಟಿಗಳ ಅಗಲವು ಹೆಚ್ಚುಕಡಿಮೆಯಿದ್ದರೂ ಬಾಧೆಯಿಲ್ಲ. ಭಾರವನ್ನು ಹೊರುವುದು ತಳದ ಬಟ್ಟೆಯೇ. ತೆಳುವಾಗಿ ಹರಿಯುವ ಹಳೆಯ ಸೀರೆಯ ಪಟ್ಟಿಗಳೂ ಈ ಕ್ರಮದಲ್ಲಿ ನಿಲ್ಲುವುವು.

(3) ಒಂದು ಅಂಗುಲದಿಂದ ಅರ್ಧ ಅಂಗುಲದವರೆಗಿನವು: ಇವನ್ನು ಹೊಲಿಯಬಾರದು, ಹೆಣೆಯಬೇಕು. ಹೆಣಿಗೆಯಲ್ಲಿ ಅಂಚು ಒಳಕ್ಕೆ ಹೋಗುವುದಿಲ್ಲ; ಬಟ್ಟೆಯೆಲ್ಲವೂ ಕೆಲಸಕ್ಕೆ ಬರುವುದು. ಮೂರು ಪಟ್ಟಿಗಳನ್ನು ಬೇರೆ ಬೇರೆ ಉದ್ದದವನ್ನಾಗಿ ಆರಿಸಿ ಜಡೆಯಂತೆ ಹೆಣೆಯಿರಿ. ಸಮ ಉದ್ದದವಾದರೆ ಮೂರು ಗಂಟುಗಳೂ ಒಂದೇ ಕಡೆ ಬಂದು ಜಡೆಯು ಅಲ್ಲಿ ಉಬ್ಬುವುದು. ಪಟ್ಟಿ ಮುಗಿದಾಗ ಅದರ ತುದಿಯ ಮೇಲೆ ಹೊಸದರ ತುದಿಯನ್ನಿಟ್ಟು ನಾಲ್ಕು ಹೊಲಿಗೆ ಹಾಕಿದರೆ ಸಾಕು. ಈ ಜಡೆಯನ್ನು ಬಸವನಹುಳುವಿನ ಚಿಪ್ಪಿನಂತೆ ಸುತ್ತಿ, ಸುತ್ತಿಗೆ ಸುತ್ತನ್ನು ಹೊಲಿಯುತ್ತ ಹೋದರೆ ಬಿಸಿ ಪಾತ್ರೆಯಿಡುವ ಹಾಸು, ಕಾಲೊರಸು, ಕೊಡ ಹೊರುವ ಸಿಂಬೆ ಎಲ್ಲವೂ ಸಿದ್ಧವಾಗುವುವು. ಸುತ್ತುವಾಗ ಬಿಗಿಯಾಗಿ ಎಳೆದರೆ ಹಾಸು ಬಟ್ಟಲಿನಂತೆ ಮೇಲೇಳುವುದು. ಬುಟ್ಟಿ ಬೇಕೆಂದಾಗ ಮಾತ್ರ ಹಾಗೆ ಎಳೆಯಬೇಕು.

ಇಲ್ಲಿ ಕ್ಷೇತ್ರಗಣಿತದ ಒಂದು ಪಾಠವೂ ಇದೆ. ಜಡೆಯ ಅಗಲ ಅರ್ಧ ಅಂಗುಲವಾದರೆ, ಎಂಟು ಅಂಗುಲ ಅಡ್ಡಗಲದ ದುಂಡು ಹಾಸಿಗೆ ಸುಮಾರು 100 ಅಂಗುಲ ಜಡೆ ಬೇಕು. ಇಪ್ಪತ್ತನಾಲ್ಕು ಅಂಗುಲದ ಕಾಲೊರಸಿಗೆ ಮೂರು ಪಟ್ಟು ಸಾಲದು; ಒಂಬತ್ತು ಪಟ್ಟು, ಎಂದರೆ ಸುಮಾರು 25 ಗಜ ಬೇಕು. ಇದನ್ನರಿಯದೆ ಆರಂಭಿಸಿದವರ ಕಾಲೊರಸುಗಳು ಸಾಮಾನ್ಯವಾಗಿ ಪಾತ್ರೆಯ ಹಾಸುಗಳಾಗಿಯೇ ಮುಗಿಯುವುವು.

(4) ಅರ್ಧ ಅಂಗುಲಕ್ಕೂ ಕಿರಿದಾದುವು: ಇವನ್ನು ಇನ್ನೂ ಸಣ್ಣಗೆ ಕತ್ತರಿಸಿ ಬೊಂಬೆಗೂ ಸೂಜಿ ಚುಚ್ಚುವ ಸಣ್ಣ ದಿಂಬಿಗೂ ತುಂಬಬಹುದು. ಉದ್ದವಾಗಿಯೇ ತುರುಕಿದರೆ ಗಂಟುಗಂಟಾಗುವುದು. ಭದ್ರಾವತಿಯ ಮನೆಗಳಿಗೆ ಇವುಗಳ ಮತ್ತೊಂದು ಉಪಯೋಗವು ಗೊತ್ತು. 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿತು. ಯಂತ್ರದ ಕೆಲಸ ಬಲ್ಲವರ ಕೈಯಲ್ಲಿ ಎಣ್ಣೆಯನ್ನೊರಸುವ ಹತ್ತಿಯ ಚಿಂದಿಯು ಇರಲೇಬೇಕು. ಅದೇ ಊರಿನಲ್ಲಿ 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸ್ಥಾಪಿತವಾಗಿ ಈಗ ಉತ್ಪಾದನೆಯನ್ನು ನಿಲ್ಲಿಸಿರುವ ಕಾಗದದ ಕಾರ್ಖಾನೆಯು ಮಲೆನಾಡಿನ ಬಿದಿರನ್ನು ಬಳಸುತ್ತಿತ್ತು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ತಿರುಳಿನ ಬಳಕೆ ಬರುವವರೆಗೆ ಯೂರೋಪಿನ ಕಾಗದವೆಲ್ಲ ಚಿಂದಿ ಬಟ್ಟೆಯಿಂದಲೇ ಆಗುತ್ತಿತ್ತು; ನಮ್ಮ ದೇಶದ ಕೈಕಾಗದವು ಇಂದಿಗೂ ಹತ್ತಿಯ ಚೂರುಗಳಿಂದ ಆಗುತ್ತದೆ. ಹೊಲಿಯಲಾಗದ ಚಿಂದಿಯ ಮೇಲೆ ಅಕ್ಷರವು ನಿಲ್ಲಬಹುದೆಂಬುದನ್ನು ವಿದ್ಯಾರ್ಥಿನಿಯರು ಮರೆಯಬಾರದು.

ಕೆಲವು ಎಚ್ಚರಿಕೆಗಳು

ಹಳೆಯ ಬಟ್ಟೆಗೆ ಒಗೆಯದ ಹೊಸ ಬಟ್ಟೆಯ ತೇಪೆಯನ್ನು ಹಾಕಬಾರದೆಂಬ ದೃಷ್ಟಾಂತವು ಮತ್ತಾಯನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿದೆ. ಅದರ ಆತ್ಮಿಕ ಅರ್ಥವನ್ನು ಉಪದೇಶಕರು ವಿವರಿಸುವರು. ಹೊಲಿಗೆಯ ಅರ್ಥವೂ ಅಷ್ಟೇ ಸತ್ಯವಾದುದು. ಹೊಸ ಹತ್ತಿಯ ಬಟ್ಟೆಯು ಮೊದಲ ಒಗೆತದಲ್ಲಿ ಕುಗ್ಗುವುದು. ಕುಗ್ಗುವಾಗ ಪಕ್ಕದ ಹಳೆಯ ಬಟ್ಟೆಯನ್ನು ಸೆಳೆದು ಹರಿಯುವುದು. ಆದುದರಿಂದ ದರ್ಜಿಯಲ್ಲಿಂದ ತಂದ ಹೊಸ ಚೂರುಗಳನ್ನು ಚೀಲದಲ್ಲಿ ಕಟ್ಟಿ, ನೆನೆಸಿ, ಒಣಗಿಸಿದ ಮೇಲೆಯೇ ಹೊಲಿಯತಕ್ಕದ್ದು. ಕೆಂಪು, ನೀಲಿ ಬಣ್ಣದವನ್ನು ಬಿಳಿಯ ಚೂರಿನೊಡನೆ ಒದ್ದೆಮಾಡಿ ಹಿಂಡಿ, ಬಣ್ಣ ಬಿಡುವುದೋ ಎಂದು ನೋಡಬೇಕು.

ಬಿಸಿ ಪಾತ್ರೆಯ ಹಾಸಿಗೂ ಮಸಿಬಟ್ಟೆಗೂ ಪಾಲಿಯೆಸ್ಟರನ್ನು ಎಂದಿಗೂ ಸೇರಿಸಬಾರದು. ಅದು ಕರಗಿ ಕೈಗೆ ಅಂಟಿದರೆ ಸುಟ್ಟ ಗಾಯವು ಆಳವಾಗುವುದು. ಸಂಚಿ, ಕಾಲೊರಸುಗಳಿಗೆ ಅದು ಯೋಗ್ಯವೇ.

ನಮ್ಮ ಮಲೆನಾಡಿನ ಸೆರಗಿನಲ್ಲಿ ಮಳೆಗಾಲವು ದೀರ್ಘವಾದುದು. ಪದರ ಹೆಚ್ಚಾದ ಕೌದಿಯು ಆಷಾಢದಲ್ಲಿ ಒದ್ದೆಯಾದರೆ ಒಣಗದೆ ಮುಗ್ಗುವುದು. ಪಟ್ಟಿಗಳ ಚೌಕದಲ್ಲಿ ಹೊಲಿಗೆಯ ಅಂಚುಗಳೇ ದಪ್ಪವನ್ನು ಕೊಡುವುದರಿಂದ ಒಳಪದರಗಳನ್ನು ಎರಡಕ್ಕೆ ಮಿತಗೊಳಿಸಿರಿ. ಒಗೆತವನ್ನು ಬಿಸಿಲುಕಾಲಕ್ಕೆ ಇಟ್ಟುಕೊಳ್ಳಿರಿ.

ಈ ಕೆಲಸವು ಯಾರಿಗಾಗಿ?

ಅಂಗಡಿಯಲ್ಲಿ ಹೊದಿಕೆಯು ಸುಲಭ ಬೆಲೆಗೆ ಸಿಕ್ಕುವಾಗ 288 ಪಟ್ಟಿಗಳನ್ನು ಕೂಡಿಸುವ ಶ್ರಮವೇಕೆಂದು ತಾಯಂದಿರು ಕೇಳಬಹುದು. ಹಣದ ಲೆಕ್ಕದಲ್ಲಿ ಈ ಪ್ರಶ್ನೆಯು ನ್ಯಾಯವಾದುದೇ. ದಿನಗೂಲಿಯನ್ನು ಹಿಡಿದರೆ ಕೌದಿಯು ಲಾಭದ ಉದ್ಯೋಗವಾಗದು. ಆದರೆ ಒಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು ಇದರಿಂದ ಏನಾದೀತೆಂದು ಅಳೆದು ನಿರ್ಣಯಿಸುವ ಬುದ್ಧಿಯು ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಹತ್ತಿ ಬೆಳೆದವನ, ನೂತವನ, ನೆಯ್ದವನ ಶ್ರಮವು ಪ್ರತಿ ಚೂರಿನಲ್ಲಿಯೂ ಇದೆಯೆಂದು ಅರಿತ ಹುಡುಗಿಯು ಬಟ್ಟೆಯನ್ನು ಕೊಳ್ಳುವಾಗಲೂ ಯೋಚಿಸಿ ಕೊಳ್ಳುವಳು. ಗೃಹಕೃತ್ಯದಲ್ಲಿ ಇದಕ್ಕಿಂತ ದೊಡ್ಡ ಉಳಿತಾಯವಿಲ್ಲ.

ದಾನದ ವಿಷಯದಲ್ಲಿ ಒಂದು ಮಾತು. ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದಲ್ಲಿ ದೊರ್ಕಳೆನಿಸಿದ ತಬಿಥಾಳ ವೃತ್ತಾಂತವಿದೆ. ಅವಳು ಸತ್ತಾಗ ವಿಧವೆಯರು ಅಳುತ್ತ ಪೇತ್ರನಿಗೆ ತೋರಿಸಿದ್ದು ಅವಳು ಮಾಡಿಕೊಟ್ಟ ಅಂಗಿಗಳನ್ನೂ ಉಡುಪುಗಳನ್ನೂ. ಆಕೆ ಅವರಿಗೆ ಕೊಟ್ಟಿದ್ದುದು ಉಡಲು ಬರುವ ಬಟ್ಟೆ. ನಾವಾದರೋ ಮನೆಯ ಹರಕು ಗಂಟನ್ನು ಹಾಗೆಯೇ ಕೊಟ್ಟು ಬಡವರಿಗೆ ಉಪಕಾರ ಮಾಡಿದೆವೆಂದುಕೊಳ್ಳುವುದುಂಟು. ಚಿಂದಿಯನ್ನು ಕೊಡುವುದರಿಂದ ಕೊಟ್ಟವರ ಮನೆ ಮಾತ್ರ ಶುದ್ಧವಾಗುವುದು. ಅದನ್ನು ಹೊಲಿದು, ನಮ್ಮ ಮಗುವಿಗೆ ಹೊದಿಸಲು ನಾಚದಂಥ ಕೌದಿಯನ್ನಾಗಿ ಮಾಡಿ ಕೊಟ್ಟರೆ ಅದು ದಾನ.

ಅಭ್ಯಾಸ

ತುಂಗಾತೀರದ ಶಿವಮೊಗ್ಗೆಯಲ್ಲಿಯೂ ಭದ್ರಾತೀರದ ಭದ್ರಾವತಿಯಲ್ಲಿಯೂ ಮನೆ ಮಾಡಿರುವ ಹಳೆಯ ವಿದ್ಯಾರ್ಥಿನಿಯರು ತಮ್ಮ ಹೆಣ್ಣುಮಕ್ಕಳೊಡನೆ, ಗಂಡುಮಕ್ಕಳೊಡನೆಯೂ, ಬರುವ ಬೇಸಗೆಯ ರಜೆಯಲ್ಲಿ ಈ ಮೂರನ್ನು ಮಾಡಿ ನೋಡಲಿ. ಮನೆಯ ಚಿಂದಿಯ ಗಂಟನ್ನು ಬಿಚ್ಚಿ ಅಗಲದ ಮೇರೆಗೆ ನಾಲ್ಕು ಭಾಗ ಮಾಡುವುದು. ಒಂದು ಗಜದ ಮೂರು ಪಟ್ಟಿಗಳನ್ನು ಹೆಣೆದು, ಜಡೆಯ ಉದ್ದ ಎಷ್ಟು ಕಡಿಮೆಯಾಯಿತೆಂದು ಅಳೆದು ಬರೆದಿಡುವುದು. ಹನ್ನೆರಡು ಪಟ್ಟಿಗಳಿಂದ ಒಂದು ಚೌಕವನ್ನು ಹೊಲಿಯುವುದು. ಇಪ್ಪತ್ತನಾಲ್ಕು ಮನೆಗಳು ಒಂದೊಂದು ಚೌಕವನ್ನು ಹೊಲಿದರೆ ಒಂದು ಕೌದಿಗೆ ಸಾಕು. ಅದಕ್ಕೆ ನಾಲ್ಕು ಮೂಲೆಗಳಲ್ಲಿ ನಾಲ್ಕು ಹೂಗಳನ್ನಿಟ್ಟು, ಚಳಿಗಾಲಕ್ಕೆ ಮುಂಚೆ, ಹೊದಿಕೆ ಬೇಕಾದವರ ಮನೆಗೆ ಮುಟ್ಟಿಸಬೇಕು.