ಸಮುದ್ರ ದಾಟಿದ ಉಣ್ಣಿ: ರೋಗ ಕಣ್ಗಾವಲಿನ ಒಂದು ಪಾಠ



ಸುತ್ತಲೂ ಸಮುದ್ರವಿರುವ ದ್ವೀಪದ ರಾಸುಗಳಿಗೆ ಹೊರಗಿನ ರೋಗ ತಗಲುವುದು ಕಷ್ಟ ಎಂದು ನಮಗೆ ಅನಿಸುತ್ತದೆ. ಆದರೆ ಅಮೆರಿಕ ಖಂಡದ ಪಕ್ಕದ ಕೆರಿಬಿಯನ್ ದ್ವೀಪಗಳ ರೈತರ ಅನುಭವ ಬೇರೆಯೇ ಆಗಿದೆ. ಅವರಿಗೆ ಈ ಪಾಠ ಕಲಿಸಿದ್ದು ಒಂದು ಉಣ್ಣಿ.

ಉಣ್ಣಿ ಹಬ್ಬಿದ ಬಗೆ

ಸುಮಾರು 1830ರಲ್ಲಿ ಆಫ್ರಿಕದ ಸೆನೆಗಲ್‌ನಿಂದ ಗ್ವಾಡಲೂಪ್ ದ್ವೀಪಕ್ಕೆ ಹಡಗಿನಲ್ಲಿ ದನಗಳನ್ನು ತಂದರು. ಅವುಗಳ ಮೈಮೇಲೆ ಆಂಬ್ಲಿಯೋಮ ಎಂಬ ಬಣ್ಣದ ಉಣ್ಣಿಯೂ ಬಂತು. ನೂರಕ್ಕೂ ಹೆಚ್ಚು ವರ್ಷ ಅದು ಕೆಲವೇ ದ್ವೀಪಗಳಲ್ಲಿ ಉಳಿದಿತ್ತು. 1960ರ ದಶಕದ ಕೊನೆಯಿಂದ ಒಂದೊಂದಾಗಿ ಬೇರೆ ದ್ವೀಪಗಳಿಗೂ ಹಬ್ಬಿತು.

ರಾಸುಗಳ ಸಾಗಾಟ ಇದಕ್ಕೆ ಒಂದು ಕಾರಣ. ದನಗಳ ಹಿಂದೆಯೇ ಮೇಯುವ ಬೆಳ್ಳಕ್ಕಿಯ ಪಾತ್ರವೂ ಇದೆ ಎಂದು ತಜ್ಞರು ಹೇಳುತ್ತಾರೆ. ಈ ಹಕ್ಕಿ ಅಲ್ಲಿ ನೆಲೆಯೂರಿದ್ದು 1950-60ರ ದಶಕಗಳಲ್ಲಿ. ಗುರುತು ಹಾಕಿ ಬಿಟ್ಟ ಬೆಳ್ಳಕ್ಕಿಗಳು ಬೇರೆ ದ್ವೀಪಗಳಲ್ಲಿ ಕಾಣಿಸಿಕೊಂಡವು. ಮರಿ ಉಣ್ಣಿಗಳು ಹಕ್ಕಿಯ ಮೈಗೆ ಅಂಟಿಕೊಂಡು ಸಮುದ್ರ ದಾಟಬಲ್ಲವು.

ಆದ ಹಾನಿ

ಈ ಉಣ್ಣಿ ದನ, ಕುರಿ, ಮೇಕೆಗಳಿಗೆ ‘ಹಾರ್ಟ್‌ವಾಟರ್’ ಎಂಬ ರೋಗ ತರುತ್ತದೆ. ತೀವ್ರ ಜ್ವರ, ಏದುಸಿರು, ನಡುಕ ಕಾಣಿಸಿ ರಾಸು ಸಾಯಬಹುದು. ಸತ್ತ ರಾಸಿನ ಹೃದಯದ ಸುತ್ತ ನೀರು ತುಂಬಿರುವುದರಿಂದ ಈ ಹೆಸರು ಬಂದಿದೆ. ಗ್ವಾಡಲೂಪ್‌ನಲ್ಲಿ ಈ ರೋಗ ಖಚಿತವಾದದ್ದು 1980ರಲ್ಲಿ. ಉಣ್ಣಿ ಬಂದು ಒಂದೂವರೆ ಶತಮಾನವಾದ ಮೇಲೆ! ಉಣ್ಣಿ ಹತ್ತಿದ ದನಗಳಲ್ಲಿ ಮೈತುಂಬ ಹಕ್ಕಳೆಗಟ್ಟುವ ಚರ್ಮರೋಗವೂ ಉಲ್ಬಣಿಸಿ ಅನೇಕ ರೈತರು ರಾಸು ಕಳೆದುಕೊಂಡರು.

ಒಟ್ಟಾಗಿ ಮಾಡಿದ ಕೆಲಸ

ಒಂದು ದ್ವೀಪ ಉಣ್ಣಿ ತೊಲಗಿಸಿದರೂ ಪಕ್ಕದ ದ್ವೀಪದಿಂದ ಅದು ಮತ್ತೆ ಬರುತ್ತದೆ. ಆದ್ದರಿಂದ 1990ರ ದಶಕದ ಮಧ್ಯದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮುಂತಾದವುಗಳ ನೆರವಿನಿಂದ ಹಲವು ದ್ವೀಪಗಳು ಸೇರಿ ಉಣ್ಣಿ ನಿರ್ಮೂಲನಾ ಕಾರ್ಯಕ್ರಮ ಆರಂಭಿಸಿದವು. ಹದಿನೈದು ದಿನಕ್ಕೊಮ್ಮೆ ರಾಸಿನ ಬೆನ್ನಿನುದ್ದಕ್ಕೂ ಔಷಧ ಸುರಿಯುವುದು ರೈತರ ಪಾಲಿನ ಕೆಲಸ. ಕೊಟ್ಟಿಗೆಗಳಿಗೆ ಹೋಗಿ ರಾಸು ಪರೀಕ್ಷಿಸಿ ಲೆಕ್ಕ ಬರೆಯುವುದು ಸಿಬ್ಬಂದಿಯ ಕೆಲಸ.

ಕೆಲವೇ ವರ್ಷಗಳಲ್ಲಿ ಹಲವು ದ್ವೀಪಗಳನ್ನು ತಾತ್ಕಾಲಿಕವಾಗಿ ಉಣ್ಣಿಮುಕ್ತ ಎಂದು ಘೋಷಿಸಲಾಯಿತು. ಆದರೆ ಎಲ್ಲ ರೈತರೂ ತಪ್ಪದೆ ಔಷಧ ಹಾಕಲಿಲ್ಲ, ಹಣವೂ ಸಾಲದಾಯಿತು. ಮುಕ್ತವಾಗಿದ್ದ ಕೆಲವೆಡೆ ಉಣ್ಣಿ ಮತ್ತೆ ಕಾಣಿಸಿಕೊಂಡಿತು. ಬಂದ ರೋಗವನ್ನು ಓಡಿಸಿದರಷ್ಟೇ ಸಾಲದು, ಆಮೇಲೂ ಕಣ್ಣಿಟ್ಟಿರಬೇಕು ಎಂಬುದು ಇದರಿಂದ ತಿಳಿಯಿತು.

ಇಂದು ‘ಕ್ಯಾರಿಬ್‌ವೆಟ್’ ಎಂಬ ಜಾಲದಲ್ಲಿ ಆ ಪ್ರದೇಶದ ದೇಶಗಳ ಪಶುವೈದ್ಯ ಇಲಾಖೆಗಳೂ ಪ್ರಯೋಗಾಲಯಗಳೂ ಸೇರಿವೆ. ಒಂದು ಕಡೆ ರೋಗ ಕಂಡರೆ ಉಳಿದವರಿಗೆ ಸುದ್ದಿ ಮುಟ್ಟಬೇಕು ಎಂಬುದು ಇದರ ಉದ್ದೇಶ. ಆದರೆ ಮೊದಲ ಸುದ್ದಿ ಹೊರಡುವುದು ಕೊಟ್ಟಿಗೆಯಿಂದಲೇ. ರೈತ ಸುಮ್ಮನಿದ್ದರೆ ಯಾವ ಜಾಲವೂ ಕೆಲಸ ಮಾಡದು.

ನಾವು ಮಾಡಬೇಕಾದದ್ದು

ನಮ್ಮ ಹಳ್ಳಿಗಳ ನಡುವೆ ಸಮುದ್ರವೂ ಇಲ್ಲ. ನಮ್ಮ ಉಣ್ಣಿಗಳು ಥೈಲೇರಿಯಾ, ಬೆಬೇಸಿಯಾ ರೋಗಗಳನ್ನು ಹರಡುತ್ತವೆ. ಮಿಶ್ರತಳಿ ಹಸುಗಳಿಗೆ ಥೈಲೇರಿಯಾ ಬಲು ಅಪಾಯಕಾರಿ.

1. ಹಾಲು ಕರೆಯುವಾಗ ಕೆಚ್ಚಲು, ಕಿವಿ, ಬಾಲದ ಬುಡದಲ್ಲಿ ಉಣ್ಣಿ ಇದೆಯೇ ನೋಡಿ.

2. ಔಷಧವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲೇ ಬಳಸಿ. ಎಷ್ಟು ದಿನ ಹಾಲು ಹಾಕಬಾರದೆಂದು ಕೇಳಿಕೊಳ್ಳಿ.

3. ಸಂತೆಯಿಂದ ತಂದ ರಾಸನ್ನು ಕೆಲವು ವಾರ ಬೇರೆ ಕಟ್ಟಿ.

4. ಜ್ವರ, ಮೇವು ಬಿಡುವುದು, ಹಾಲು ಹಠಾತ್ತನೆ ಇಳಿಯುವುದು ಕಂಡರೆ ಅಂದೇ ಸಂಘದ ಕಾರ್ಯದರ್ಶಿಗೆ ಅಥವಾ ಪಶುವೈದ್ಯರಿಗೆ ತಿಳಿಸಿ.

ಕಾಲುಬಾಯಿ ಜ್ವರದಂತಹ ರೋಗದ ಅನುಮಾನ ಬಂದರೆ ತಿಳಿಸುವುದು 2009ರ ಕಾಯ್ದೆಯ ಪ್ರಕಾರ ರಾಸಿನ ಮಾಲೀಕರ ಕರ್ತವ್ಯ. ಹೇಳಿದರೆ ಮಾನ ಹೋದೀತು, ಹಾಲು ನಿಂತೀತು ಎಂದು ಮುಚ್ಚಿಡಬೇಡಿ. ಮುಚ್ಚಿಟ್ಟ ರೋಗ ಮೊದಲು ಪಕ್ಕದ ಕೊಟ್ಟಿಗೆಗೆ, ಆಮೇಲೆ ಇಡೀ ಊರಿಗೆ ಹರಡುತ್ತದೆ.