ಬೆಳೆಯಿಲ್ಲದವನ ಕಾಣಿಕೆ

ಸುಗ್ಗಿಯ ಹಬ್ಬಕ್ಕಾಗಿ ಒಂದು ಪಾಠ

ಓದತಕ್ಕ ವೇದಭಾಗಗಳು: ಧರ್ಮೋಪದೇಶಕಾಂಡ 26:1-12, ಯಾಜಕಕಾಂಡ 19:9-10, 1 ಕೊರಿಂಥ 11:20-22, 2 ಕೊರಿಂಥ 8:1-21.



ಹಸ್ತ ಚಿತ್ತೆಯ ಮಳೆಗಳು ಮುಗಿದು ರಾಗಿಯ ತೆನೆ ಬಾಗುವ ಕಾಲಕ್ಕೆ ನಮ್ಮ ಗ್ರಾಮಸಭೆಗಳಲ್ಲಿ ಸುಗ್ಗಿಯ ಹಬ್ಬದ ಮಾತು ಹೊರಡುತ್ತದೆ. ಚಾಮರಾಜನಗರದ ಕಡೆಯಲ್ಲಿಯೂ ಗುಂಡ್ಲುಪೇಟೆಯ ಕಡೆಯಲ್ಲಿಯೂ ಹೊಲದ ಫಲಗಳು ಬಹು ವಿಧವಾಗಿವೆ. ರಾಗಿ, ಜೋಳ, ಹುರುಳಿ, ಅವರೆ, ಕಡಲೆಕಾಯಿ, ಅರಿಸಿನ, ಸೂರ್ಯಕಾಂತಿ, ಚೆಂಡುಹೂ ಇವೆಲ್ಲವೂ ಆ ದಿನ ದೇವಾಲಯದ ಮೇಜಿನ ಮುಂದೆ ರಾಶಿಯಾಗಿ ಬರಬಹುದು. ನೋಡುವದಕ್ಕೆ ಅದು ಸಂತೋಷಕರವಾದ ದಿನವೇ ಸರಿ.

ಆದರೆ ಈ ಸೀಮೆಯ ಇನ್ನೊಂದು ಮುಖವನ್ನೂ ನೀವು ಬಲ್ಲಿರಿ. ಪಡುವಣ ಘಟ್ಟಗಳ ಮರೆಯಲ್ಲಿರುವ ಈ ನೆಲಕ್ಕೆ ಮಳೆ ಕಡಮೆ. ಹದವಾದ ಒಂದು ಮಳೆ ತಪ್ಪಿದರೆ ಪೈರು ಸುಳಿಯಲ್ಲಿಯೇ ಒಣಗುತ್ತದೆ. ಬಂಡೀಪುರದ ಕಾಡಂಚಿನ ಊರುಗಳಲ್ಲಿ ಆನೆಗಳೂ ಹಂದಿಗಳೂ ಒಂದೇ ರಾತ್ರಿಯಲ್ಲಿ ವರುಷದ ಅನ್ನವನ್ನು ತುಳಿದು ಹೋಗುವದುಂಟು. ಇದಲ್ಲದೆ ಅಂಗೈಯಗಲದ ಹೊಲವೂ ಇಲ್ಲದೆ ಕೊಡಗಿಗೂ ವಯನಾಡಿಗೂ ನೀಲಗಿರಿಗೂ ಕೂಲಿಗಾಗಿ ಹೋಗಿಬರುವವರು ನಮ್ಮಲ್ಲಿ ಇದ್ದಾರೆ. ಇಂಥವನು ಸುಗ್ಗಿಯ ಹಬ್ಬದ ದಿನ ಏನನ್ನು ತರಬೇಕು? ತರುವದಕ್ಕೆ ಏನೂ ಇಲ್ಲದಿದ್ದರೆ ಅವನು ಆಲಯಕ್ಕೆ ಬರಬೇಕೋ, ಮನೆಯಲ್ಲಿಯೇ ಉಳಿಯಬೇಕೋ? ಇದೇ ಈ ಪಾಠದ ಪ್ರಶ್ನೆ.

1. ಪುಟ್ಟಿಯೊಂದಿಗೆ ಬರುವ ಮಾತು

ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಪ್ರಥಮಫಲವನ್ನು ಅರ್ಪಿಸುವ ಕ್ರಮವಿದೆ. ಇಸ್ರಾಯೇಲ್ಯನು ತನ್ನ ಹೊಲದ ಮೊದಲನೆಯ ಫಲವನ್ನು ಪುಟ್ಟಿಯಲ್ಲಿಟ್ಟುಕೊಂಡು ಯಾಜಕನ ಬಳಿಗೆ ಬರಬೇಕು. ಯಾಜಕನು ಅದನ್ನು ತೆಗೆದುಕೊಂಡು ಯಜ್ಞವೇದಿಯ ಮುಂದೆ ಇಡುವನು. ಆಗ ಒಕ್ಕಲಿಗನು ಬಾಯಿಬಿಟ್ಟು ಮಾತಾಡಬೇಕು. ಏನನ್ನು ಹೇಳಬೇಕು? ತಾನು ಬಿತ್ತಿದ ಬೀಜದ ಸುದ್ದಿಯನ್ನಲ್ಲ, ಕೊಟ್ಟ ಅಳತೆಯನ್ನೂ ಅಲ್ಲ. ತನ್ನ ಮೂಲಪಿತೃವು ನೆಲೆಯಿಲ್ಲದೆ ಅಲೆದವನೆಂದೂ, ಐಗುಪ್ತದಲ್ಲಿ ತಮ್ಮವರು ಬಿಟ್ಟಿದುಡಿದು ನೊಂದವರೆಂದೂ, ದೇವರು ಅವರ ಕೂಗನ್ನು ಕೇಳಿ ಬಿಡಿಸಿ ತಂದನೆಂದೂ ಅರಿಕೆಮಾಡಬೇಕು.

ಇದರ ಅರ್ಥವನ್ನು ನಾವು ಬೇರೆಯವರಿಂದ ಕೇಳಿ ತಿಳಿಯಬೇಕಾದದ್ದಿಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಇತರರ ಕಣದ ಅಂಚಿನಲ್ಲಿ ನಿಂತು, ಒಡೆಯರು ಮೊರಕ್ಕೆ ಹಾಕಿದ್ದನ್ನು ಮನೆಗೆ ಒಯ್ದವರು. ಆ ಮೊರವನ್ನು ಮರೆತವನ ಪುಟ್ಟಿಯಲ್ಲಿ ಎಷ್ಟು ಫಲವಿದ್ದರೂ ಈ ಅರಿಕೆಯು ಅವನ ಬಾಯಲ್ಲಿ ಬರುವದಿಲ್ಲ. ಅದನ್ನು ನೆನಸುವವನಾದರೋ ಇಂದು ಬರಿಗೈಯಲ್ಲಿ ನಿಂತಿರುವ ಸಹೋದರನಲ್ಲಿ ತನ್ನ ಅಜ್ಜನನ್ನೇ ಕಾಣುವನು.

ಅದೇ ಅಧ್ಯಾಯದ ಮುಂದಿನ ಆಜ್ಞೆಯನ್ನೂ ನೋಡಿರಿ. ಕಾಣಿಕೆಯನ್ನು ತಂದವನು ಒಬ್ಬನೇ ಸಂತೋಷಪಡತಕ್ಕದ್ದಲ್ಲ. ಭೂಮಿಯ ಸ್ವಾಸ್ತ್ಯವಿಲ್ಲದ ಲೇವಿಯನೂ ಪರದೇಶಸ್ಥನೂ ಅವನೊಂದಿಗೆ ಸಂತೋಷಪಡಬೇಕು. ಮೂರನೆಯ ವರುಷದ ದಶಮಾಂಶವು ಇವರೊಡನೆ ಅನಾಥನಿಗೂ ವಿಧವೆಗೂ ಸಲ್ಲಬೇಕು. ಯಾಜಕಕಾಂಡದಲ್ಲಿ ಹೊಲದ ಮೂಲೆಗಳನ್ನು ಕೊಯ್ಯದೆ, ಹಕ್ಕಲನ್ನು ಆಯದೆ ಬಡವರಿಗಾಗಿ ಬಿಡಬೇಕೆಂದು ವಿಧಿಸಿದೆ. ಹೀಗಿರಲಾಗಿ ದೇವರು ನೇಮಿಸಿದ ಸುಗ್ಗಿಯ ಹಬ್ಬದಲ್ಲಿ ಬೆಳೆಯಿಲ್ಲದವನು ನೋಡುತ್ತಾ ನಿಲ್ಲುವವನಲ್ಲ. ಅವನು ಬಾರದಿದ್ದರೆ ಹಬ್ಬವೇ ಪೂರ್ಣವಾಗುವದಿಲ್ಲ.

2. ನಮ್ಮ ಸಭೆಯಲ್ಲಿ ಕೂಡಿದ ಎರಡು ಹಳ್ಳಗಳು

1947ನೆಯ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆಯು ಏರ್ಪಟ್ಟಿತು. ಆಂಗ್ಲಿಕನರು, ಮೆಥೋಡಿಸ್ಟರು, ಪ್ರೆಸ್ಬಿಟೇರಿಯನರು, ಕಾಂಗ್ರೆಗೇಷನಲರು ಅಂದು ಒಂದಾದರು. ಮೈಸೂರು ಸೀಮೆಯಲ್ಲಿ ಬಹುಕಾಲ ಸುವಾರ್ತೆಯನ್ನು ಸಾರಿದವರು ವೆಸ್ಲಿಯನ್ ಮಿಷನಿನವರು. ಆದಕಾರಣ ನಮ್ಮ ಸುಗ್ಗಿಯ ಹಬ್ಬದೊಳಗೆ ಎರಡು ಹಳ್ಳಗಳ ನೀರು ಕೂಡಿದೆಯೆಂದು ಹೇಳಬಹುದು.

ಮೊದಲನೆಯದು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಿಂದ ಹರಿದದ್ದು. ಅಲ್ಲಿ ಕಡಲಿನ ಬಂಡೆಗಳ ಮೇಲಿರುವ ಮೋರ್ವೆನ್‌ಸ್ಟೋ ಎಂಬ ಹಳ್ಳಿಯಲ್ಲಿ ರಾಬರ್ಟ್ ಸ್ಟೀಫನ್ ಹಾಕರ್ ಎಂಬವರು ಸಭಾಪಾಲಕರಾಗಿದ್ದರು. ಪುರಾತನ ಸಭೆಯ ಸಂಸ್ಕಾರಗಳನ್ನೂ ಆರಾಧನಾಕ್ರಮವನ್ನೂ ಬಹಳ ಗೌರವಿಸುವ ಪಂಗಡದವರು ಇವರು. ಅಂಥವರನ್ನು ಆಂಗ್ಲೋ-ಕ್ಯಾಥೊಲಿಕರೆಂದು ಕರೆಯುವದುಂಟು. ಹೊಸ ಗೋಧಿಯ ರೊಟ್ಟಿಯನ್ನು ದೇವರಿಗೆ ಅರ್ಪಿಸುವ ಬಹು ಹಳೆಯ ಪದ್ಧತಿಯೊಂದು ಆ ದೇಶದಲ್ಲಿ ಇತ್ತು. ಹಾಕರರು ಅದನ್ನು ನೆನಪಿಗೆ ತಂದುಕೊಂಡು, 1843ನೆಯ ಅಕ್ಟೋಬರ್ 1ರ ಭಾನುವಾರ ತಮ್ಮ ಜನರನ್ನು ಸುಗ್ಗಿಯ ಸ್ತೋತ್ರಕ್ಕಾಗಿ ಕೂಡಿಸಿ, ಹೊಸ ಬೆಳೆಯ ರೊಟ್ಟಿಯಿಂದ ಕರ್ತನ ಭೋಜನವನ್ನು ನಡಿಸಿದರು. ಇಂದು ಅನೇಕ ಸಭೆಗಳಲ್ಲಿ ನಡೆಯುವ ಸುಗ್ಗಿಯ ಆರಾಧನೆಯು ಹರಡುವದಕ್ಕೆ ಇದು ಪ್ರೇರಣೆಯಾಯಿತು. ಹೊಲದ ಕಾಳು ರೊಟ್ಟಿಯಾಗಿ, ಆ ಒಂದೇ ರೊಟ್ಟಿಯಲ್ಲಿ ಭೂಮಿಯುಳ್ಳವನಿಗೂ ಕೂಲಿಯವನಿಗೂ ಪಾಲು ದೊರೆತದ್ದನ್ನು ಗಮನಿಸಿರಿ. ಇದೇ ಹಾಕರರು ಹಡಗೊಡೆದು ದಡಕ್ಕೆ ಬಿದ್ದ ಅಪರಿಚಿತ ನಾವಿಕರ ಶವಗಳನ್ನು ಹುಡುಕಿಸಿ ತಮ್ಮ ಸಮಾಧಿಯ ತೋಟದಲ್ಲಿ ಮರ್ಯಾದೆಯಿಂದ ಹೂಣಿಸುತ್ತಿದ್ದರು. ಪರದೇಶಸ್ಥನಿಗೂ ಸಭೆಯಲ್ಲಿ ಸ್ಥಳವುಂಟೆಂದು ಹೀಗೆ ಕ್ರಿಯೆಯಿಂದ ತೋರಿಸಿದರು.

ಎರಡನೆಯ ಹಳ್ಳವು ಬ್ರಿಸ್ಟಲ್ ಪಟ್ಟಣದಿಂದ ಹರಿದದ್ದು. 1742ರಲ್ಲಿ ಅಲ್ಲಿಯ ಮೆಥೋಡಿಸ್ಟರಿಗೆ ತಮ್ಮ ಕೂಟದ ಮನೆಯ ಸಾಲವನ್ನು ತೀರಿಸಬೇಕಾಗಿತ್ತು. ಒಬ್ಬೊಬ್ಬನು ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದು ಒಬ್ಬರು ಸೂಚಿಸಿದರು. ಅದನ್ನೂ ಕೊಡಲಾರದ ಬಡವರಿದ್ದಾರೆಂದು ಇನ್ನೊಬ್ಬರು ಹೇಳಿದರು. ಅದಕ್ಕೆ ಮೊದಲನೆಯವರು, ಅಂಥ ಹನ್ನೊಂದು ಮಂದಿಯನ್ನು ನನ್ನ ಪಾಲಿಗೆ ಬಿಡಿರಿ, ವಾರವಾರವೂ ಅವರ ಮನೆಗೆ ಹೋಗುವೆನು, ಅವರಿಂದಾಗದ್ದನ್ನು ನಾನೇ ಕೊಡುವೆನು ಎಂಬ ಭಾವದ ಉತ್ತರವನ್ನು ಕೊಟ್ಟರು. ವೆಸ್ಲಿಯನ್ ಸಭೆಗಳಿಗೆ ಬೆನ್ನೆಲುಬಾದ ಕ್ಲಾಸ್ ಕೂಟಗಳು ಹುಟ್ಟಿದ್ದು ಇದರಿಂದಲೇ. ಹಣವನ್ನು ಎತ್ತುವದಕ್ಕೆ ಹೋದವರು ಮನೆಯ ಕಷ್ಟವನ್ನು ಕಂಡರು. ಕಾಣಿಕೆಯ ಏರ್ಪಾಟು ಪರಾಮರಿಕೆಯ ಏರ್ಪಾಟಾಯಿತು.

ಒಂದು ಹಳ್ಳವು ನಮಗೆ ಒಂದೇ ಮೇಜನ್ನು ತೋರಿಸಿತು. ಇನ್ನೊಂದು ಬಡವನ ಪಾಲನ್ನು ಸಹೋದರನು ಹೊರುವ ರೀತಿಯನ್ನು ಕಲಿಸಿತು.

3. ಹಿಡಿಯಷ್ಟರ ಬಲ

ಬಡವರ ಸಭೆಯು ಕೊಡಲಾರದೆಂಬವರಿಗೆ ನಮ್ಮ ದೇಶವೇ ಉತ್ತರವನ್ನು ಕೊಟ್ಟಿದೆ. 1912ರಲ್ಲಿ ಭಾರತೀಯರೊಳಗೆ ಮೊದಲನೆಯ ಆಂಗ್ಲಿಕನ್ ಬಿಷಪರಾಗಿ ಅಭಿಷೇಕಹೊಂದಿದ ವಿ. ಎಸ್. ಅಜರಯ್ಯನವರ ದೋರ್ನಕಲ್ ಸಭಾಪ್ರಾಂತದಲ್ಲಿ ಬಹುಮಂದಿ ವಿಶ್ವಾಸಿಗಳು ಭೂಮಿಯಿಲ್ಲದ ಮಾಲ, ಮಾದಿಗ ಕುಲಗಳವರು. ಅಜರಯ್ಯನವರು ಅವರನ್ನು ಬೇಡುವವರೆಂದು ಎಣಿಸದೆ ಕೊಡುವವರೆಂದು ಗೌರವಿಸಿದರು. ಕ್ರೈಸ್ತನು ಕೊಡುವ ವಿಷಯವಾಗಿ ಒಂದು ಗ್ರಂಥವನ್ನೇ ಬರೆದರು. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯಲ್ಲಿ 1910ರಲ್ಲಿ ಆರಂಭವಾದ ಪದ್ಧತಿಯೊಂದು ಇಂದಿಗೂ ನಡೆಯುತ್ತದೆ. ಅಡಿಗೆಗೆ ಅಕ್ಕಿಯನ್ನು ಅಳೆಯುವಾಗ ಮನೆಯಾಕೆ ಒಂದು ಹಿಡಿಯನ್ನು ದೇವರಿಗೆಂದು ತೆಗೆದಿಡುವಳು. ಆ ಹಿಡಿಗಳೆಲ್ಲ ಕೂಡಿ ಅನೇಕ ಸೇವಕರನ್ನು ಕಳುಹಿಸುವ ಶಕ್ತಿಯಾಗಿವೆ.

ಹಿಡಿಯಕ್ಕಿಯೂ ಹಿಡಿರಾಗಿಯೂ ನಮಗೆ ಹೊಸದಲ್ಲ. ಇದರಲ್ಲಿ ಒಂದು ಹಿತವುಂಟು. ಬೆಳೆಯುಳ್ಳವನು ವರುಷಕ್ಕೊಮ್ಮೆ ಚೀಲವನ್ನು ತರಬಲ್ಲನು. ಕೂಲಿಯವನ ಹೆಂಡತಿಯಾದರೋ ದಿನದಿನವೂ ಮಡಕೆಗೆ ಒಂದು ಹಿಡಿಯನ್ನು ಹಾಕಬಲ್ಲಳು. ಒಬ್ಬನಲ್ಲಿ ಇಲ್ಲದ್ದರ ಪ್ರಕಾರವಲ್ಲ, ಇರುವದರ ಪ್ರಕಾರವೇ ಅವನ ಕಾಣಿಕೆಯು ಮೆಚ್ಚಿಕೆಯಾಗುವದೆಂದು ಪೌಲನು ಕೊರಿಂಥದವರಿಗೆ ತಿಳಿಸುತ್ತಾನೆ. ಹಾಗೂ ಅವನು ಮಾದರಿಯಾಗಿ ಮುಂದಿಡುವದು ಶ್ರೀಮಂತರನ್ನಲ್ಲ, ಕಡುಬಡತನದಲ್ಲಿಯೂ ತಾವಾಗಿ ಬೇಡಿಕೊಂಡು ಕೊಟ್ಟ ಮಕೆದೋನ್ಯದವರನ್ನು.

4. ಸವಾಲಿನ ವಿಷಯ ಒಂದು ಎಚ್ಚರಿಕೆ

ಆರಾಧನೆಯಾದ ಮೇಲೆ ಕಾಣಿಕೆಯ ಪದಾರ್ಥಗಳನ್ನು ಹರಾಜಿಗೆ ಇಡುವ ವಾಡಿಕೆಯು ಅನೇಕ ಸಭೆಗಳಲ್ಲಿ ಉಂಟು. ಇದು ತಪ್ಪೆಂದು ನಾವು ಹೇಳುವದಿಲ್ಲ. ಒಂದು ಕುಂಬಳಕಾಯಿಗೆ ನಗುನಗುತ್ತಾ ಸಂತೆಯ ಬೆಲೆಯ ಹತ್ತರಷ್ಟು ಕೂಗುವದರಲ್ಲಿ ಪ್ರೀತಿಯೂ ಇರಬಹುದು. ಆದರೆ ಮನಸ್ಸಿನಲ್ಲಿ ಒಂದು ಸಂಗತಿಯನ್ನು ಕಲ್ಪಿಸಿಕೊಳ್ಳಿರಿ. ಒಬ್ಬ ವಿಧವೆಯು ತನ್ನ ಹಿತ್ತಲಿನ ಒಂದು ಸೇರು ಅವರೆಯನ್ನು ಸೆರಗಿನಲ್ಲಿ ತಂದಿಟ್ಟಿದ್ದಾಳೆ. ದೊಡ್ಡ ಚೀಲಗಳಿಗೆ ಹೆಸರು ಹಿಡಿದು ಕೂಗುತ್ತಾರೆ; ಅವಳ ಅವರೆಯನ್ನು ಬೇರೆ ಪುಡಿ ಸಾಮಾನುಗಳ ಜೊತೆಗೆ ಸೇರಿಸಿ ಕಡೆಗೆ ತೂಗಿಬಿಡುತ್ತಾರೆ. ಮುಂದಿನ ವರುಷ ಅವಳು ಬರುವಳೋ? ಸವಾಲಿನಲ್ಲಿ ಸೋತೆನೆಂದು ಮುನಿದು ಇಬ್ಬರು ಅಣ್ಣತಮ್ಮಂದಿರು ಒಂದೇ ಪಾತ್ರೆಯಿಂದ ಪಾನಮಾಡದೆ ಹೋದರೆ, ಪೆಟ್ಟಿಗೆಗೆ ಬಿದ್ದ ರೂಪಾಯಿಗಳು ಆ ನಷ್ಟವನ್ನು ತುಂಬುವವೋ?

ಕೊರಿಂಥದಲ್ಲಿ ಉಳ್ಳವರು ಮುಂದಾಗಿ ಉಂಡು ಇಲ್ಲದವರನ್ನು ನಾಚಿಕೆಪಡಿಸಿದಾಗ, ಇದು ಕರ್ತನ ಭೋಜನವೇ ಅಲ್ಲವೆಂದು ಪೌಲನು ಖಂಡಿಸಿದನು. ನಮ್ಮ ಹಬ್ಬದಲ್ಲಿ ಒಬ್ಬನ ಮುಖವು ತಗ್ಗಿದ್ದಾದರೆ ಅದೇ ಖಂಡನೆಯು ನಮಗೂ ಸಲ್ಲುವದು.

5. ಮಳೆ ಹೋದ ವರುಷ

ಬೆಳೆ ಕೈಗೆ ಬಾರದ ವರುಷ ಹಬ್ಬವನ್ನು ಬಿಟ್ಟುಬಿಡೋಣವೇ ಎಂದು ಕೇಳುವವರುಂಟು. ಈ ಪ್ರಶ್ನೆ ಹಗುರವಾದದ್ದಲ್ಲ. 1876ರಿಂದ 1878ರ ವರೆಗಿನ ಬರಗಾಲದಲ್ಲಿ ಮೈಸೂರು ಸಂಸ್ಥಾನವು ಪಟ್ಟ ಸಂಕಟವನ್ನು ಜನಗಣತಿಯೇ ಸಾಕ್ಷಿ ಹೇಳುತ್ತದೆ: 1871ರಲ್ಲಿ 50 ಲಕ್ಷಕ್ಕೆ ಮೀರಿದ್ದ ಜನರು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ತೀರ ಈಚೆಗೆ, 2023ರಲ್ಲಿಯೂ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರದವರು ಸಾರಿದರು.

ಪ್ರವಾದಿಯಾದ ಹಬಕ್ಕೂಕನು ತನ್ನ ಗ್ರಂಥದ ಕಡೆಯಲ್ಲಿ ಹೊಲದಲ್ಲಿ ಆಹಾರವಿಲ್ಲದೆ ಕೊಟ್ಟಿಗೆಯಲ್ಲಿ ದನಗಳಿಲ್ಲದೆ ಹೋದರೂ ದೇವರಲ್ಲಿ ಆನಂದಿಸುವೆನೆಂದು ನಿಶ್ಚಯಿಸುತ್ತಾನೆ. ಆದರೆ ತುಂಬಿದ ಕಣಜದವನು ಹಸಿದವನಿಗೆ ಈ ವಾಕ್ಯವನ್ನು ಓದಿಹೇಳಿ ಮನೆಗೆ ಹೋಗತಕ್ಕದ್ದಲ್ಲ. ಹಿಂದೆ ನಮ್ಮ ಊರುಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿ ಮುಚ್ಚುತ್ತಿದ್ದರು. ಮಳೆ ಹೋದ ವರುಷ ಅದನ್ನು ತೆರೆಯುತ್ತಿದ್ದರು. ಒಳ್ಳೆಯ ವರುಷದ ಸುಗ್ಗಿಯ ಕಾಣಿಕೆಯು ಸಭೆಯ ಹಗೇವಾಗಿರಲಿ. ಆಗ ಕೆಟ್ಟ ವರುಷದಲ್ಲಿಯೂ ಹಬ್ಬವನ್ನು ಬಿಡಬೇಕಾಗಿಲ್ಲ. ಆ ವರುಷದ ಹಬ್ಬವೆಂದರೆ ಹಗೇವನ್ನು ತೆರೆಯುವ ಹಬ್ಬ.

6. ಮಾಡತಕ್ಕ ಕೆಲವು ಕಾರ್ಯಗಳು

(ಅ) ಹಬ್ಬಕ್ಕೆ ಎರಡು ವಾರ ಮುಂಚಿತವಾಗಿ ಹಿರಿಯರು ಮನೆಮನೆಗೂ ಹೋಗಲಿ. ಎಷ್ಟು ಕೊಡುವಿರೆಂದು ಕೇಳುವದಕ್ಕೆ ಮೊದಲು ಬೆಳೆ ಹೇಗಾಯಿತೆಂದು ಕೇಳಲಿ.

(ಆ) ಎಲ್ಲರ ಕಾಣಿಕೆಯೂ ಒಂದೇ ಮೆರವಣಿಗೆಯಲ್ಲಿ, ಹೆಸರನ್ನೂ ಅಳತೆಯನ್ನೂ ಸಾರದೆ, ಮೇಜಿನ ಬಳಿಗೆ ಬರಲಿ. ಹೊಲವಿಲ್ಲದವನು ತನ್ನ ಕುಡುಗೋಲನ್ನಾದರೂ ಗುದ್ದಲಿಯನ್ನಾದರೂ ತಂದು ಕರ್ತನ ಮುಂದೆ ಇಡಲಿ. ಊರಿನ ಸುಗ್ಗಿಯು ಆ ಕೈಗಳಿಂದಲೇ ಆದದ್ದಲ್ಲವೇ?

(ಇ) ಮಧ್ಯಾಹ್ನ ಸಭೆಯವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲಿ.

(ಈ) ಬಂದದ್ದರಲ್ಲಿ ಬರದ ವರುಷಕ್ಕೂ ರೋಗಿಗಳಿಗೂ ಒಂದು ಭಾಗವನ್ನು ಬೇರೆಯಿಡಲಿ.

(ಉ) ಲೆಕ್ಕವನ್ನು ಮುಂದಿನ ಭಾನುವಾರವೇ ಓದಿಹೇಳಲಿ. ಕಾಣಿಕೆಯನ್ನು ಒಯ್ಯುವಾಗ ಯಾರೂ ತಪ್ಪು ಹೊರಿಸದಂತೆ ಪೌಲನೇ ಸಹೋದರರನ್ನು ಜೊತೆಗೆ ಕರೆದುಕೊಂಡನು. ನಾವು ಅವನಿಗಿಂತ ದೊಡ್ಡವರಲ್ಲ.

ಪ್ರಿಯರೇ, ಮೊದಲಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರವನ್ನು ಹೇಳಬಹುದು. ಬೆಳೆಯಿಲ್ಲದವನು ಬರಲಿ, ಅವನ ಕಾಣಿಕೆಯು ಅವನು ಬಂದದ್ದೇ. ಉಳ್ಳವನ ಕಾಣಿಕೆಯಲ್ಲಿ ಮೊದಲನೆಯದು ಚೀಲವಲ್ಲ, ಹಬ್ಬದ ಬೆಳಿಗ್ಗೆ ಆ ಸಹೋದರನ ಬಾಗಿಲಿಗೆ ಹೋಗಿ, ಬಾರಪ್ಪಾ, ಕೂಡಿ ಹೋಗೋಣ ಎಂದು ಕರೆದು ತರುವದೇ.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಪ್ರಥಮಫಲವನ್ನು ತಂದವನು ತನ್ನ ಪಿತೃಗಳ ಬಡತನವನ್ನು ಯಾಕೆ ಅರಿಕೆಮಾಡಬೇಕಾಗಿತ್ತು?

2. ಕಳೆದ ಸುಗ್ಗಿಯ ಹಬ್ಬಕ್ಕೆ ನಮ್ಮ ಸಭೆಯಲ್ಲಿ ಯಾರು ಬರಲಿಲ್ಲ? ಕಾರಣವನ್ನು ಯಾರಾದರೂ ವಿಚಾರಿಸಿದರೋ?

3. ಬರದ ವರುಷಕ್ಕಾಗಿ ನಮ್ಮ ಸಭೆಯ ಹಗೇವಿನಲ್ಲಿ ಏನಿದೆ?